ನಲವತ್ತೊಂದು ಚೀಟಿ, ಒಂದೇ ಕೈ

ಸಹೃದಯ ವಾಚಕ ಮಹಾಶಯರೇ,

ಪ್ರೇಮವು ಸದಾ ಬೆಳದಿಂಗಳಿನಲ್ಲಿಯೇ ಅಂಕುರಿಸುತ್ತದೆಂದು ತಾವು ನಂಬಿದ್ದಲ್ಲಿ, ಈ ವೃತ್ತಾಂತವು ತಮಗೆ ಕಿಂಚಿತ್ ನಿರಾಶೆಯನ್ನುಂಟುಮಾಡಬಹುದು. ಇದು ಹಾಡುಹಗಲಿನಲ್ಲಿ, ಪ್ಲಾಸ್ಟಿಕ್ ಕುರ್ಚಿಗಳ ನಡುವೆ, ಮೈಕಿನ ಎದುರು, ಶುದ್ಧಾಂಗ ಜಗಳವಾಗಿ ಆರಂಭವಾದದ್ದು. ತಾಳ್ಮೆಯಿಂದ ಆಲಿಸಬೇಕೆಂದು ಬಿನ್ನಹ.

ಹಳೆಯ ಬಸ್ ಡಿಪೋವನ್ನು ಕೆಡವಿದ ಬಯಲಿನಲ್ಲಿ ಹೊಸ ಪಾರ್ಕು ಬರುವುದಿತ್ತು. ಅದರ ನಕ್ಷೆ ಬರೆಯಲು ಬಂದವಳನ್ನು ಬಡಾವಣೆಯವರು ಮೊದಲ ದಿನದಿಂದಲೇ ‘ನಕ್ಷೆ ಮೇಡಂ’ ಎಂದು ಕರೆದರು. ತಾನೊಬ್ಬಳೇ ಸಹಿ ಹಾಕುವ ಮೊದಲ ನಕ್ಷೆ ಎಂಬ ಹೆಮ್ಮೆ ಅವಳಿಗೆ. ನಟ್ಟನಡುವೆ ಒಂದು ಕಾರಂಜಿಯನ್ನು ಅವಳು ಎಷ್ಟು ಮುದ್ದಾಗಿ ಬರೆದಿದ್ದಳೆಂದರೆ, ಕಾಗದದ ಮೇಲೆಯೇ ನೀರಿನ ಸದ್ದು ಕೇಳಿಸುವಂತಿತ್ತು.

ಜನರ ಅಭಿಪ್ರಾಯವನ್ನೂ ಕೇಳಬೇಕಲ್ಲ! ಗ್ರಂಥಾಲಯದ ಬಾಗಿಲಲ್ಲಿ ಎರಡು ವಾರ ಡಬ್ಬಿ ಇಟ್ಟಳು. ಇನ್ನೂರು ಚಿಲ್ಲರೆ ಚೀಟಿಗಳು ಬಂದವು. ಅವುಗಳಲ್ಲಿ ನಲವತ್ತೊಂದು ಒಂದೇ ಕೈಬರಹದವು. ದುಂಡನೆಯ, ಗೆರೆ ಎಳೆದಂತೆ ನೆಟ್ಟಗಿನ ಅಕ್ಷರ. ಮೇಲಿನ ಎರಡು ಮೂರನ್ನು ನೋಡಿದಳು. ಎಲ್ಲದರಲ್ಲೂ ಬೆಂಚು, ನೆರಳು, ನೆರಳು, ಬೆಂಚು. ಉಳಿದವನ್ನು ಓದದೆ ರಬ್ಬರ್ ಬ್ಯಾಂಡ್ ಹಾಕಿ ಬದಿಗಿಟ್ಟಳು.

ಭಾನುವಾರದ ಸಭೆಯಲ್ಲಿ ಆ ಕಂತೆಯನ್ನು ಎತ್ತಿ ಹಿಡಿದು ಮೈಕಿನಲ್ಲಿ ಹೇಳಿಯೇಬಿಟ್ಟಳು.

“ಯಾರೋ ಒಬ್ಬರು ನಲವತ್ತೊಂದು ಜನ ಆಗೋಕೆ ಹೊರಟಿದ್ದಾರೆ. ಈ ಮೋಸ ಇಲ್ಲಿ ನಡೆಯಲ್ಲ. ಇವನ್ನ ಲೆಕ್ಕಕ್ಕೆ ತಗೊಳ್ಳಲ್ಲ.”

ಮೂರನೆಯ ಸಾಲಿನಿಂದ ಒಬ್ಬ ಎದ್ದು ನಿಂತ. ಎತ್ತರದ ಆಳು, ಉಗುರಿನ ಅಂಚಿನಲ್ಲಿ ನೀಲಿ ಬಣ್ಣ. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್.

“ಬರೆದದ್ದು ನಾನೇ ಮೇಡಂ. ಹೇಳಿದ್ದು ನಾನಲ್ಲ.”

“ಹೀಗಂತ ಎಲ್ಲರೂ ಹೇಳ್ತಾರೆ.”

“ಎಲ್ಲರೂ ಹೇಳಿದ್ದನ್ನೇ ನಾನು ಬರೆದಿದ್ದು.”

ಸಭೆ ಗೊಳ್ಳೆಂದು ನಕ್ಕಿತು. ಅವನು ಮಾತ್ರ ನಗಲಿಲ್ಲ. ಕೋಪವಿಲ್ಲದ, ಆದರೆ ನೊಂದ ಕಣ್ಣುಗಳಿಂದ ಅವಳನ್ನು ಒಮ್ಮೆ ನೋಡಿ, “ಬಿಸಾಕೋ ಮೊದಲು ಒಂದ್ಸಲ ಪೂರ್ತಿ ಓದಿ,” ಎಂದು ಹೊರಟುಹೋದ. ಆ ನೋಟ ಅವಳ ಜೊತೆ ಮನೆಯವರೆಗೂ ಬಂತು.

ಸಂಜೆ ರಬ್ಬರ್ ಬ್ಯಾಂಡ್ ಬಿಚ್ಚಿದಳು. ‘ನನ್ನ ಮೊಣಕಾಲು ನನ್ನ ಮಾತು ಕೇಳೋದಿಲ್ಲ. ಹೂವು ಆಮೇಲೆ, ಮೊದಲು ಕೂರೋಕೆ ಜಾಗ ಕೊಡಿ.’ ‘ಸೊಸೆ ಜೊತೆ ಜಗಳ ಆದಾಗ ಕೂರೋಕೆ ಒಂದು ಬೆಂಚು. ನಮ್ಮನೆ ಕಿಟಕಿಗೆ ಕಾಣಬಾರದು.’ ಅಕ್ಷರ ಒಂದೇ, ದನಿ ಮಾತ್ರ ಒಂದೊಂದರದೂ ಬೇರೆ. ಕೊನೆಯದು ಹೀಗಿತ್ತು: ‘ದಾರಿಗೆ ನೆರಳು ಬೇಕು. ಬರೀತಿರೋ ನನ್ನ ಅಣ್ಣನ ಮಗನಿಗೆ ಬೇಗ ಒಂದು ಹುಡುಗಿ ಸಿಗಲಿ. ಇದನ್ನ ಬರೆಯಲ್ಲ ಅಂತಿದ್ದಾನೆ. ನನ್ನ ಚೀಟಿ, ನಾನು ಹೇಳಿದ್ದೆಲ್ಲ ಬರೀಬೇಕು ಅಂದಿದ್ದೀನಿ.’

ಅವಳಿಗೆ ಫಕ್ಕನೆ ನಗು ಬಂತು. ಮರುಕ್ಷಣವೇ ಮುಖ ಕೆಂಪಾಯಿತು. ಮೋಸ ಮಾಡುವವನು ಇಂಥದ್ದನ್ನು ಬರೆಯುವನೇ?

ಮರುದಿನ ಅವನ ಅಂಗಡಿಯ ಬಾಗಿಲಲ್ಲಿ ನಿಂತಳು. ಟರ್ಪೆಂಟೈನಿನ ವಾಸನೆ. ಅವನು ಕುಂಚವನ್ನು ಕೆಳಗಿಡದೆ ಕೇಳಿದ:

“ಕ್ಷಮೆ ಕೇಳೋಕೆ ಬಂದ್ರಾ, ತನಿಖೆಗೆ ಬಂದ್ರಾ?”

“ಮೊದಲು... ತನಿಖೆ.”

“ಹಾಗಾದ್ರೆ ಸ್ಟೂಲ್ ಸಾಕು. ಕ್ಷಮೆಗಾದ್ರೆ ಕುರ್ಚಿ ಹಾಕ್ತಿದ್ದೆ.”

ತುಟಿ ಕಚ್ಚಿ ನಗುವನ್ನು ತಡೆದಳು. ಅವನ ದನಿ ಮೆಲ್ಲಗಾಯಿತು. “ಈ ಬೀದಿಯ ಬೋರ್ಡೆಲ್ಲ ನನ್ನ ಕೈಯದ್ದು ಮೇಡಂ. ಆ ಕೈ ಸುಳ್ಳು ಬರೆಯುತ್ತೆ ಅಂತ ನೀವು ಮೈಕಿನಲ್ಲಿ ಹೇಳಿಬಿಟ್ರಿ. ಈಗ ಬಂದವರೆಲ್ಲ ಕೇಳ್ತಾರೆ, ‘ಅಂಗಡಿ ನಿಜವಾಗ್ಲೂ ಇದೆಯೋ, ಬರೀ ಬೋರ್ಡೋ?’ ಅಂತ. ನಗ್ತಾನೇ ಕೇಳ್ತಾರೆ. ನನಗೆ ನಗು ಬರಲ್ಲ.”

ಆ ಮಾತು ಅವಳ ಎದೆಗೆ ನಾಟಿತು.

ಚೀಟಿ ಬರೆಸಿದವರನ್ನು ಹುಡುಕಿಕೊಂಡು ನಾಲ್ಕು ದಿನ ಇಬ್ಬರೂ ಮನೆಮನೆ ಸುತ್ತಿದರು. ಕೈ ನಡುಗುವವರು, ಕಣ್ಣು ಮಂಜಾದವರು, ಅಕ್ಷರ ಕಲಿಯದವರು. ನಲವತ್ತೊಂದು ಚೀಟಿಗೂ ನಲವತ್ತೊಂದು ಮುಖಗಳು ಸಿಕ್ಕವು. ಮೆಟ್ಟಿಲಿಳಿಯುವಾಗ ಅವನು ಒಂದು ಮೆಟ್ಟಿಲು ಮುಂದೆ ಇಳಿದು ತಿರುಗಿ ನೋಡುತ್ತಿದ್ದ. ಅವಳು ನೋಡದವಳಂತೆ ಚೀಲದಲ್ಲಿ ಇಲ್ಲದ ಪೆನ್ಸಿಲನ್ನು ಹುಡುಕುತ್ತಿದ್ದಳು.

“ಪೆನ್ಸಿಲ್ ನಿಮ್ಮ ಜಡೇಲಿದೆ,” ಎಂದ ಒಮ್ಮೆ.

“ಗೊತ್ತು!” ಎಂದಳು, ಗೊತ್ತಿಲ್ಲದೆ.

ಕೊನೆಯ ಮನೆ ಅವನ ಸೋದರತ್ತೆಯದು. ಆಕೆ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಇವಳೇನೋ ನಿನ್ನ ಕಳ್ಳ ಅಂದಿದ್ದು? ಲಕ್ಷಣವಾಗಿದ್ದಾಳೆ, ಬೈಸ್ಕೊಂಡ್ರೆ ತಪ್ಪಿಲ್ಲ ಬಿಡು,” ಎಂದರು.

“ಅತ್ತೇ!”

“ನಿಂಗೇನು, ನಾನು ಅವಳ ಹತ್ರ ಮಾತಾಡ್ತಿರೋದು. ಬಾ ಮಗಳೇ, ನಿನ್ನ ಬಯಲು ತೋರಿಸು.”

ಬಯಲಿನಲ್ಲಿ ಅತ್ತೆ ನಡುವೆ, ಇವರಿಬ್ಬರು ಅತ್ತ ಇತ್ತ. ಗೇಟು ಬರುವ ಜಾಗದಿಂದ ಅವಳು ಹೆಜ್ಜೆ ಎಣಿಸಿದಳು. ಮೂವತ್ತೆಂಟನೆಯ ಹೆಜ್ಜೆಗೆ ಅತ್ತೆ ಗಕ್ಕನೆ ನಿಂತು, ಅವಳ ತೋಳನ್ನು ಬಿಗಿಯಾಗಿ ಹಿಡಿದು, “ಇಷ್ಟೇ ಕಣಮ್ಮ ನನ್ನ ಕೈಲಾಗೋದು,” ಎಂದರು. ಕೂರಲು ಸುತ್ತಮುತ್ತ ಒಂದು ಕಲ್ಲೂ ಇರಲಿಲ್ಲ. ಗೇಟಿನಿಂದ ತನ್ನ ಕಾರಂಜಿಗೆ ಇನ್ನೂರು ಹೆಜ್ಜೆ ಎಂಬುದು ಅವಳಿಗೆ ನೆನಪಾಯಿತು. ಅಷ್ಟು ಚೆಂದದ ನೀರನ್ನು ಈ ಹೆಂಗಸು ಎಂದೂ ನೋಡುವಂತಿರಲಿಲ್ಲ.

ಆ ರಾತ್ರಿಯೊಳಗೆ ಕಾರಂಜಿಯನ್ನು ಅಳಿಸಿದಳು. ಮೂವತ್ತು ಹೆಜ್ಜೆಗೊಂದು ಬೆಂಚು, ಉದ್ದಕ್ಕೂ ಮರಗಳ ಸಾಲು.

ಕಚೇರಿಯ ಹಿರಿಯ ಎಂಜಿನಿಯರ್ ಹೊಸ ನಕ್ಷೆಯನ್ನು ನೋಡಿ ತಲೆಯಾಡಿಸಿದರು. “ಬೆಂಚು ಹಾಕಮ್ಮ, ಬೇಡ ಅನ್ನಲ್ಲ. ಆದ್ರೆ ಮೈಕ್ ಹಿಡ್ಕೊಂಡು ‘ತಪ್ಪಾಯ್ತು’ ಅನ್ನಬೇಡ. ಒಂದು ತಪ್ಪು ಒಪ್ಕೊಂಡ್ರೆ ಇಡೀ ನಕ್ಷೆ ಮೇಲೆ ಬೆರಳು ತೋರಿಸ್ತಾರೆ. ಮೊದಲನೇ ಕೆಲಸ ನಿಂದು, ಹುಷಾರು.”

ಸುಮ್ಮನಿದ್ದರೆ ನಕ್ಷೆ ಉಳಿಯುತ್ತಿತ್ತು. ಅವನ ಹೆಸರು ಮಾತ್ರ ಹಾಗೆಯೇ ಮಸಿ ಮೆತ್ತಿಕೊಂಡು ಇರುತ್ತಿತ್ತು.

ಮುಂದಿನ ಭಾನುವಾರ ಅದೇ ಸಭಾಂಗಣ. ಮೂರನೆಯ ಸಾಲಿನಲ್ಲಿ ಅವನು ಇರಲಿಲ್ಲ. ಬಾಗಿಲ ಬಳಿ, ಕಂಬಕ್ಕೆ ಒರಗಿ ನಿಂತಿದ್ದ. ಅವಳು ಮೈಕ್ ಹಿಡಿದಳು.

“ಹೋದ ವಾರ ನಾನು ಇಲ್ಲಿ ಒಬ್ಬರನ್ನ ಮೋಸಗಾರ ಅನ್ನೋ ಹಾಗೆ ಮಾತಾಡಿದೆ. ಓದದೆ ಮಾತಾಡಿದೆ. ಅವರು ನಲವತ್ತೊಂದು ಜನರ ಮಾತನ್ನ ಒಂದಕ್ಷರ ತಿರುಚದೆ ಬರೆದಿದ್ರು. ತಮಗೆ ನಾಚಿಕೆಯಾಗೋ ಮಾತನ್ನೂ ಬಿಡಲಿಲ್ಲ. ತಪ್ಪು ನನ್ನದು. ಪೇಂಟರ್ ಅವರೇ, ಎಲ್ಲರೆದುರು ಕ್ಷಮೆ ಕೇಳ್ತೀನಿ.”

ಹಿರಿಯ ಎಂಜಿನಿಯರ್ ಹಣೆ ಒತ್ತಿಕೊಂಡರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ, “ನಕ್ಷೆ ಹಾಗಿರ್ಲಿ ಮೇಡಂ, ಮೂರನೇ ಬೆಂಚು ನಮ್ಮ ಸೊಸೆಗೆ ಕಾಣಲ್ಲ ತಾನೇ?” ಎಂದರು. ನಗೆಯ ಅಲೆ ಎದ್ದಿತು. ಅದರ ಬೆನ್ನಿಗೇ ಕೈಗಳೂ ಒಂದೊಂದಾಗಿ ಎದ್ದವು. ನಕ್ಷೆ ಒಪ್ಪಿಗೆಯಾಯಿತು. ಬಾಗಿಲ ಬಳಿಯ ಆ ಮುಖದಲ್ಲಿ ಮೂಡಿದ ಬೆಳಕನ್ನು ಮಾತ್ರ ಅವಳು ಬಹಳ ಹೊತ್ತು ನೋಡಲಾರದೆ ಹೋದಳು.

ಮರುದಿನ ಬೆಳಿಗ್ಗೆ ಬಯಲಿನಲ್ಲಿ ದಾರಿಯ ಗುರುತು ಹಾಕುವ ಕೆಲಸ. ಜನರೆಲ್ಲ ನೋಡಲು ನೆರೆದಿದ್ದರು. ಸುಣ್ಣದ ಪುಡಿಯ ಬಕೆಟ್ ಹಿಡಿದು ಅವನೂ ಬಂದ. ಉದ್ದನೆಯ ಟೇಪಿನ ಒಂದು ತುದಿ ಅವನ ಕೈಯಲ್ಲಿ, ಸುರುಳಿ ಅವಳ ಕೈಯಲ್ಲಿ. ಅವಳು ಬಿಚ್ಚುತ್ತ ಬಿಚ್ಚುತ್ತ ದೂರ ನಡೆದಳು.

“ಮುಂದಿನ ವಾರ ಬೇರೆ ಊರಿಗೆ ಹೋಗ್ತೀರಂತೆ?” ಎಂದ ಅವನು ಆ ತುದಿಯಿಂದ.

“ಹೌದು, ಇನ್ನೊಂದು ಪಾರ್ಕಿದೆ!”

ಅವನು ನೆಲ ನೋಡಿ ಏನೋ ಹೇಳಿದ. ಗಾಳಿ ಅದನ್ನು ಹೊತ್ತೊಯ್ದಿತು.

“ಕೇಳಿಸ್ತಿಲ್ಲ! ಜೋರಾಗಿ ಹೇಳಿ!”

ಅವನು ತಲೆಯೆತ್ತಿ, ಕಣ್ಣು ಮುಚ್ಚಿ, ಇಡೀ ಬಯಲಿಗೆ ಕೇಳುವಂತೆ ಕೂಗಿದ: “ವಾಪಸ್ ಬರ್ತೀರಾ? ನನಗೆ ನಿಮ್ಮನ್ನ ಮದುವೆ ಆಗ್ಬೇಕು ಅಂತ ಆಸೆ!”

ಸಲಿಕೆಗಳು ನಿಂತವು. ಜನ ಬಾಯಿಗೆ ಕೈ ಇಟ್ಟುಕೊಂಡರು. ಅವಳು “ತುದಿ ಬಿಡಬೇಡಿ!” ಎಂದಷ್ಟೇ ಕೂಗಿ, ಟೇಪನ್ನು ಸುತ್ತುತ್ತ, ಒಂದೊಂದೇ ಹೆಜ್ಜೆ ಅವನ ಕಡೆಗೆ ನಡೆಯತೊಡಗಿದಳು. ಕೊನೆಗೆ ನಡುವೆ ಒಂದು ಗೇಣಿನಷ್ಟು ಟೇಪು ಮಾತ್ರ ಉಳಿಯಿತು.

“ಅಲ್ಲಿಂದಲೇ ಹೇಳಬಹುದಿತ್ತಲ್ಲ,” ಎಂದ.

“ತಪ್ಪನ್ನ ಎಲ್ಲರೆದುರು ಒಪ್ಕೊಂಡೆ. ಇದನ್ನ ನಿಮಗೊಬ್ಬರಿಗೇ ಹೇಳಬೇಕು.”

ಅವನ ಕಿವಿಯ ಬಳಿ ಬಾಗಿ ಅವಳು ಹೇಳಿದ್ದು ಬೇರೆ ಯಾರಿಗೂ ಕೇಳಿಸಲಿಲ್ಲ. ಆದರೆ ಸುಣ್ಣದ ಬಕೆಟ್ ಅವನ ಕೈಯಿಂದ ಜಾರಿ, ಆ ದಾರಿಯ ನಡುವೆ ದೊಡ್ಡದೊಂದು ಬಿಳಿಯ ಮಚ್ಚೆಯಾದದ್ದನ್ನು ಎಲ್ಲರೂ ಕಂಡರು.

ವಾಚಕ ಮಹಾಶಯರೇ, ಇದಿಷ್ಟು ಕಥೆ. ಊರೂರು ಅಲೆಯುವ ನಾನು, ರಾತ್ರಿ ಆ ಪಾರ್ಕಿನದೇ ಒಂದು ಬೆಂಚಿನ ಮೇಲೆ ಹಾಸಿದ್ದ ಟವೆಲನ್ನು ಕೊಡವಿ ಮಡಿಸಿ, ಎರಡು ಅಂಗಿಗಳ ಜೊತೆ ಚೀಲಕ್ಕೆ ತುರುಕಿದ್ದೇನೆ. ಬಿಸಿಲೇರುವ ಮೊದಲು ಹೊರಡಬೇಕು; ಬಸ್ಸು ಎಲ್ಲಿಗೆ ಹೋಗುತ್ತದೆಂದು ಹತ್ತಿದ ಮೇಲೆ ಕೇಳಿದರಾಯಿತು.