ಬಿಗಿ ಮೇಸ್ತ್ರಿಯ ತೊಂಬತ್ತು

ಗ್ಯಾರೇಜಿನ ಗೋಡೆಗೆ ಅಂಟಿಸಿದ ನೋಟಿಸಿನಲ್ಲಿ ಇದ್ದದ್ದು ಹನ್ನೊಂದೇ ಪದ. ‘ಇನ್ನು ಮುಂದೆ ಇಂಜಿನ್ನಿನ ಯಾವುದೇ ಬೋಲ್ಟನ್ನು ಅಂದಾಜಿನ ಮೇಲೆ ಬಿಗಿಯಬಾರದು. ಟಾರ್ಕ್ ರೆಂಚ್ ಕಡ್ಡಾಯ.’ ಅದರಲ್ಲಿ ಹತ್ತು ಪದಗಳನ್ನು ಬಿಗಿ ಮೇಸ್ತ್ರಿ ಹೇಗೋ ನುಂಗಿಕೊಂಡ. ಆರನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

ಅಂದಾಜು! ಇಪ್ಪತ್ತೆಂಟು ವರ್ಷದಿಂದ ಈ ಶೆಡ್ಡಿನಲ್ಲಿ ಎದ್ದು ಹೋದ ಪ್ರತಿ ಇಂಜಿನ್ನಿನ ಕೊನೆಯ ಬೋಲ್ಟು ಅವನ ಕೈಯಲ್ಲೇ ಬಿಗಿಯಾಗಿತ್ತು. ಸಡಿಲವಾದರೆ ಎಣ್ಣೆ ಸೋರುತ್ತದೆ, ಹೆಚ್ಚಾದರೆ ಬೋಲ್ಟಿನ ಥ್ರೆಡ್ಡೇ ಕಿತ್ತುಹೋಗುತ್ತದೆ. ಎರಡರ ನಡುವೆ ಕೂದಲೆಳೆಯಷ್ಟು ಜಾಗವಿದೆ. ಆ ಜಾಗ ಅವನ ಮೊಣಕೈಗೆ ಗೊತ್ತಿತ್ತು. ಮೊಣಕೈಯೊಳಗೆ ಏನೋ ಒಂದು ‘ಸಾಕು’ ಅನ್ನುತ್ತಿತ್ತು, ಅವನು ಬಿಡುತ್ತಿದ್ದ. ಬಿಗಿ ಮೇಸ್ತ್ರಿ ಎಂಬ ಹೆಸರು ಬಂದದ್ದೇ ಹಾಗೆ. ಅವನ ನಿಜವಾದ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತಿತ್ತು.

ಇದಕ್ಕೆಲ್ಲ ಕಾರಣ ಹೆಂಡತಿಯ ತಮ್ಮ. ಅವನನ್ನು ಕೆಲಸಕ್ಕೆ ಸೇರಿಸಿದ್ದೂ ಮೇಸ್ತ್ರಿಯೇ, ಅದೂ ಹೆಂಡತಿ ಮೂರು ತಿಂಗಳು ಬಿಡದೆ ಕಿವಿ ಕೊರೆದ ಮೇಲೆ. ಬಂದವನು ಬರಿಗೈಯಲ್ಲಿ ಬರಲಿಲ್ಲ. ಕೆಂಪು ಪೆಟ್ಟಿಗೆಯೊಂದನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಬಂದ. ಒಳಗೆ ಮೊಳದುದ್ದದ ಟಾರ್ಕ್ ರೆಂಚ್. ಅದರ ಹಿಡಿಯನ್ನು ತಿರುಗಿಸಿ ಬೇಕಾದ ಅಂಕಕ್ಕೆ ನಿಲ್ಲಿಸಿದರೆ, ಬೋಲ್ಟು ಅಷ್ಟು ಬಿಗಿಯಾದ ಕ್ಷಣವೇ ಅದು ‘ಟಿಕ್’ ಎನ್ನುತ್ತದೆ. ಅಲ್ಲಿಗೆ ಕೈ ಬಿಡಬೇಕು. ವಾರ ಕಳೆಯುವುದರೊಳಗೆ ಗ್ಯಾರೇಜಿನವರು ಅವನನ್ನೇ ಟಿಕ್ ಎಂದು ಕರೆಯತೊಡಗಿದರು. ತಿಂಗಳು ಕಳೆಯುವುದರೊಳಗೆ ಗ್ಯಾರೇಜಿನ ಮಾಲಕಿ ಅವನ ಪಕ್ಕದಲ್ಲಿ ನಿಂತು, ಹತ್ತು ಸಲ ಟಿಕ್ ಕೇಳಿ, ಹತ್ತು ಸಲವೂ ತಲೆದೂಗಿದರು. ನೋಟಿಸು ಬಿದ್ದದ್ದು ಮರುದಿನ.

ಮೇಸ್ತ್ರಿ ನೇರವಾಗಿ ಮಾಲಕಿಯ ಕೋಣೆಗೆ ಹೋದ.

“ಮೇಡಂ, ನನ್ನ ಕೈ ಅಂದಾಜಾ? ನಿಮ್ಮ ತಂದೆಯವರು ಇದನ್ನ ತಕ್ಕಡಿ ಅಂತಿದ್ರು.”

“ಅಪ್ಪ ಎಲ್ಲರಿಗೂ ಏನೋ ಒಂದು ಅಂತಿದ್ರು, ಮೇಸ್ತ್ರಿಗಳೇ. ನನ್ನನ್ನ ಇಲಿಮರಿ ಅಂತಿದ್ರು.”

“ಪರೀಕ್ಷೆ ಮಾಡಿ ನೋಡಿ ಬೇಕಾದ್ರೆ.”

ಮಾಲಕಿ ಪೆನ್ನು ಕೆಳಗಿಟ್ಟರು. “ಆಯ್ತು. ಶುಕ್ರವಾರ ಪಾಲಿಟೆಕ್ನಿಕ್ ಮೇಷ್ಟ್ರನ್ನ ಕರೆಸ್ತೀನಿ. ಮೂಲೇಲಿರೋ ಹಳೇ ಇಂಜಿನ್ನಿನ ಹೆಡ್ಡಿಗೆ ಹತ್ತು ಬೋಲ್ಟು. ಐದು ನೀವು ಕೈಯಲ್ಲಿ, ಐದು ಅವನು ರೆಂಚಲ್ಲಿ. ಬಿಗಿಯ ಅಂಕ ತೊಂಬತ್ತು. ನೀವು ಗೆದ್ರೆ ನೋಟಿಸು ಹರಿದು ಹಾಕ್ತೀನಿ. ಸೋತ್ರೆ ನೀವೂ ರೆಂಚ್ ಹಿಡೀಬೇಕು, ಹಿಡಿಯೋದನ್ನ ಅವನ ಹತ್ರಾನೇ ಕಲೀಬೇಕು.”

ಭಾವಮೈದುನನ ಹತ್ತಿರ ಕಲಿಯುವುದು! ತನ್ನ ಮದುವೆ ಮಂಟಪದಲ್ಲಿ ಆ ಪೋರ ಅಳುತ್ತ ಕೂತಿದ್ದಾಗ ಅವನ ಮೂಗು ಒರೆಸಿದ್ದೇ ಈ ಕೈ.

ಮನೆಗೆ ಹೋದವನೇ ಮೇಸ್ತ್ರಿ ತಯಾರಿಗೆ ನಿಂತ. ಜಗುಲಿಯ ಮೂಲೆಯಲ್ಲಿದ್ದ ವೈಸಿಗೆ ದೊಡ್ಡದೊಂದು ಬೋಲ್ಟು ಕಚ್ಚಿಸಿ, ಅರ್ಧ ಮೀಟರ್ ಉದ್ದದ ಸ್ಪ್ಯಾನರ್ ಹಾಕಿ, ಅದರ ತುದಿಗೆ ಸೂಟ್‌ಕೇಸ್ ತೂಗುವ ತಕ್ಕಡಿಯ ಕೊಕ್ಕೆ ಸಿಕ್ಕಿಸಿದ. ತೊಂಬತ್ತು ಎಂದರೆ ಆ ತುದಿಯಲ್ಲಿ ಹದಿನೆಂಟು ಕಿಲೋ ಚಿಲ್ಲರೆ ಎಳೆತ. ಲೆಕ್ಕ ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಎಳೆದ. ಮೊಣಕೈ ‘ಸಾಕು’ ಅಂದಿತು. ಕಣ್ಣು ಬಿಟ್ಟರೆ ಮುಳ್ಳು ಹದಿನೆಂಟನ್ನು ದಾಟಿ ಒಂದೇ ಒಂದು ಗೀಟು ಮುಂದಿತ್ತು. ಇಪ್ಪತ್ತು ಸಲ ಎಳೆದ. ಇಪ್ಪತ್ತು ಸಲವೂ ಅಲ್ಲೇ.

ಅಭ್ಯಾಸ ಕೈಗೆ ಹತ್ತಿಬಿಟ್ಟಿತು. ನಲ್ಲಿ ನಿಲ್ಲಿಸಲು ಹೋದವನು ತೊಂಬತ್ತಕ್ಕೆ ನಿಲ್ಲಿಸಿದ. ಸಕ್ಕರೆ ಡಬ್ಬಿಯ ಮುಚ್ಚಳವನ್ನು ತೊಂಬತ್ತಕ್ಕೆ ಮುಚ್ಚಿದ. ಮಾರನೆಯ ಬೆಳಿಗ್ಗೆ ಹೆಂಡತಿ ಡಬ್ಬಿಯನ್ನು ಮಂಡಿಯ ನಡುವೆ ಒತ್ತಿ ಹಿಡಿದು ಅವನ ಮುಂದೆ ನಿಂತಳು.

“ರೀ, ಇದು ಡಬ್ಬಿನಾ ಬ್ಯಾಂಕ್ ಲಾಕರ್ರಾ? ಕಾಫಿಗೆ ಸಕ್ಕರೆ ಹಾಕೋಕೂ ನನ್ನ ತಮ್ಮ ರೆಂಚ್ ತಗೊಂಡು ಬರಬೇಕಾ?”

ಆ ಮಾತು ಸೀದಾ ಹೋಗಿ ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು. ಸಕ್ಕರೆಯಿಲ್ಲದ ಕಾಫಿ ಕುಡಿಯುತ್ತ ಮೇಸ್ತ್ರಿ ಯೋಚಿಸಿದ. ತನ್ನ ಐದು ಬೋಲ್ಟೂ ತೊಂಬತ್ತಕ್ಕೇ ನಿಲ್ಲುತ್ತವೆ, ಅದರಲ್ಲಿ ಸಂಶಯವಿಲ್ಲ. ಆದರೆ ಟಿಕ್‌ನ ಐದೂ ತೊಂಬತ್ತಕ್ಕೇ ನಿಲ್ಲುತ್ತವಲ್ಲ! ಆಗ ಸಮಸಮ. ಸಮಸಮ ಎಂದರೆ ಮಾಲಕಿ ಏನನ್ನುತ್ತಾರೆ? ಎರಡೂ ಒಂದೇ ಅಂದ ಮೇಲೆ ಯಾರು ಬೇಕಾದರೂ ಹಿಡಿಯಬಹುದಾದ ರೆಂಚೇ ಇರಲಿ ಅನ್ನುತ್ತಾರೆ. ಇಪ್ಪತ್ತೆಂಟು ವರ್ಷದ ಕೈಗೂ ನಿನ್ನೆ ಮೊನ್ನೆ ಪೆಟ್ಟಿಗೆಯಿಂದ ಎದ್ದು ಬಂದ ಕಬ್ಬಿಣಕ್ಕೂ ಒಂದೇ ಮಾರ್ಕು. ತಾನು ಸರಿಯಾಗಿದ್ದರೆ ಸಾಲದು. ಆ ರೆಂಚು ತಪ್ಪಾಗಬೇಕು.

ಹೀಗೆ, ಜೀವಮಾನದಲ್ಲಿ ಒಂದು ವಾಷರನ್ನೂ ಕದಿಯದ ಮನುಷ್ಯ ಕಾಫಿ ಲೋಟದ ತಳ ನೋಡುವಷ್ಟರಲ್ಲಿ ಅಪರಾಧಿಯಾದ.

ಯೋಜನೆ ಸರಳವಾಗಿತ್ತು, ಅದೇ ಅದರ ಸೊಗಸು. ರೆಂಚಿನ ಹಿಡಿಯ ತುದಿಯಲ್ಲಿ ರಬ್ಬರ್ ಮುಚ್ಚಳ. ಮುಚ್ಚಳದ ಮೇಲೆ ಕಂಪನಿಯವರ ಪುಟ್ಟ ಸ್ಟಿಕ್ಕರು. ಒಳಗೆ ಸ್ಪ್ರಿಂಗನ್ನು ಒತ್ತಿ ಹಿಡಿದ ಸಣ್ಣದೊಂದು ತಿರುಪು. ಆ ತಿರುಪನ್ನು ಇನ್ನಷ್ಟು ಬಿಗಿ ಮಾಡಿದರೆ ರೆಂಚು ತಡವಾಗಿ ಟಿಕ್ ಎನ್ನುತ್ತದೆ. ಹೊರಗೆ ಅಂಕ ತೊಂಬತ್ತೇ ತೋರಿಸುತ್ತಿರುತ್ತದೆ, ಒಳಗೆ ಬೋಲ್ಟು ನೂರಿಪ್ಪತ್ತಕ್ಕೆ ಹೋಗಿರುತ್ತದೆ. ನೂರೈವತ್ತಕ್ಕೆ ತಿರುಗಿಸುವ ಆಸೆಯೂ ಒಂದು ಕ್ಷಣ ಬಂತು. ಆದರೆ ಬೋಲ್ಟು ಮುರಿದರೆ ಎಲ್ಲರೂ ರೆಂಚನ್ನು ಬಿಚ್ಚಿ ನೋಡುತ್ತಾರೆ. ನೂರಿಪ್ಪತ್ತಾದರೆ ಏನೂ ಮುರಿಯುವುದಿಲ್ಲ. ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಅಷ್ಟೆ. ‘ಯಂತ್ರ ಅಂದ ಮೇಲೆ ಹೀಗೆಲ್ಲ ಆಗತ್ತೆ ಬಿಡಿ ಮೇಡಂ’ ಎಂದು ದೊಡ್ಡ ಮನಸ್ಸಿನಿಂದ ಹೇಳುವ ಮಾತನ್ನೂ ಅವನು ಸಿದ್ಧಮಾಡಿಕೊಂಡ.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಎಂದಿನಂತೆ ಟಿಕ್, ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಕಾರೊಂದರ ಅಡಿಗೆ ಸರಿದು ಮಲಗಿದ. ಉಳಿದವರು ಟೀ ಅಂಗಡಿಗೆ ಹೋದರು. ಟಿಕ್‌ನ ನಿದ್ದೆ ಇಪ್ಪತ್ತು ನಿಮಿಷ. ಗೊರಕೆ ಶುರುವಾದ ಮೇಲೆ ಹದಿನೇಳು. ಮೇಸ್ತ್ರಿ ಮೂರು ದಿನ ಗಡಿಯಾರ ಹಿಡಿದು ನೋಡಿದ್ದ. ಬೆರಳಚ್ಚು ಬೀಳಬಾರದೆಂದು ಹೆಂಡತಿ ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ಗ್ಲೌಸನ್ನು ಊಟದ ಚೀಲದಲ್ಲಿ ತಂದಿದ್ದ. ಅದು ಅವನ ಕೈಗೆ ಅರ್ಧಕ್ಕಷ್ಟೇ ಏರಿತು. ಬೆರಳ ತುದಿಗಳಲ್ಲಿ ಖಾಲಿ ರಬ್ಬರು ಕಿವಿಗಳಂತೆ ಅಲ್ಲಾಡುತ್ತಿದ್ದರೂ ಅವನ ಕೆಲಸದಲ್ಲಿ ಒಂದು ಎಳೆ ತಪ್ಪಲಿಲ್ಲ.

ಸ್ಟಿಕ್ಕರನ್ನು ಪೇಂಟ್ ಒಣಗಿಸುವ ಬಿಸಿಗಾಳಿ ಹಿಡಿದು ಎಬ್ಬಿಸಿದ. ಮುಚ್ಚಳ ತೆಗೆದ. ತಿರುಪನ್ನು ಒಂದೂವರೆ ಸುತ್ತು ತಿರುಗಿಸಿದ. ಮನೆಯಿಂದ ತಂದ ತಕ್ಕಡಿಯ ಕೊಕ್ಕೆಯನ್ನು ಹಿಡಿಗೆ ಸಿಕ್ಕಿಸಿ, ಗ್ಯಾರೇಜಿನ ವೈಸಿಗೆ ಕಚ್ಚಿಸಿದ ಬೋಲ್ಟಿನ ಮೇಲೆ ಎಳೆದು ಲೆಕ್ಕ ಹಾಕಿ ನೋಡಿದ. ನೂರಹದಿನಾರು. ಇನ್ನೊಂದು ಕೂದಲೆಳೆ ತಿರುಗಿಸಿದ. ನೂರಿಪ್ಪತ್ತು, ಸರಿಯಾಗಿ. ಮೋಸದಲ್ಲೂ ಅವನು ಅಂದಾಜಿನ ಮೇಲೆ ಕೆಲಸ ಮಾಡುವವನಲ್ಲ. ಸ್ಟಿಕ್ಕರನ್ನು ಇದ್ದಲ್ಲಿಗೇ ಅಂಟಿಸಿ, ರೆಂಚನ್ನು ಪೆಟ್ಟಿಗೆಯಲ್ಲಿ ಹೇಗಿತ್ತೋ ಹಾಗೆಯೇ ಮಲಗಿಸಿದ. ಇನ್ನೂ ನಾಲ್ಕು ನಿಮಿಷ ಉಳಿದಿತ್ತು. ಆ ಹೊತ್ತನ್ನು ಅವನು ಕಾರಿನ ಕನ್ನಡಿಯಲ್ಲಿ ಆಶ್ಚರ್ಯಪಡುವುದನ್ನು ಕಲಿಯಲು ಬಳಸಿದ. ಮೊದಲು ಹುಬ್ಬು, ಆಮೇಲೆ ಬಾಯಿ. ಎರಡೂ ಒಟ್ಟಿಗೆ ಎದ್ದರೆ ಹಲ್ಲುನೋವು ಬಂದವನ ಹಾಗೆ ಕಾಣುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಪಾಲಿಟೆಕ್ನಿಕ್ ಮೇಷ್ಟ್ರು ಬಂದರು. ನಿವೃತ್ತರಾಗಿ ಆರು ವರ್ಷವಾಗಿದ್ದರೂ ಊರಿನ ಅರ್ಧ ಮೆಕ್ಯಾನಿಕ್‌ಗಳ ಕಿವಿ ಹಿಂಡಿದ ಬೆರಳುಗಳು ಇನ್ನೂ ಗಟ್ಟಿಯಾಗಿದ್ದವು. ಹೆಗಲಲ್ಲಿ ದಪ್ಪನೆಯ ಚರ್ಮದ ಚೀಲ. ಅದನ್ನು ನೋಡಿ ಮೇಸ್ತ್ರಿಗೆ ನೆಮ್ಮದಿಯಾಯಿತು. ಬಿಗಿ ಅಳೆಯುವ ಗಡಿಯಾರದಂಥ ಮೀಟರನ್ನು ಅವನು ಹಿಂದೆ ಕಾಲೇಜಿನಲ್ಲಿ ಕಂಡಿದ್ದ. ಆ ಚೀಲದಲ್ಲಿ ಅದು ಸಲೀಸಾಗಿ ಹಿಡಿಸುತ್ತಿತ್ತು. ಒಂದು ಕಡೆ ತೊಂಬತ್ತು, ತೊಂಬತ್ತು, ತೊಂಬತ್ತು ಎಂದೂ ಇನ್ನೊಂದು ಕಡೆ ನೂರಿಪ್ಪತ್ತು ಎಂದೂ ಮೇಷ್ಟ್ರ ಬಾಯಲ್ಲಿ ಬರುವುದನ್ನು ಅವನ ಕಿವಿ ಆಗಲೇ ಕೇಳುತ್ತಿತ್ತು.

ಎಲ್ಲರೂ ಕೆಲಸ ಬಿಟ್ಟು ಹಳೆಯ ಇಂಜಿನ್ನಿನ ಸುತ್ತ ನೆರೆದರು. ಹೆಂಡತಿಯೂ ಊಟದ ಡಬ್ಬಿ ಕೊಡುವ ನೆಪದಲ್ಲಿ ಬಂದು, ಗಂಡನಿಗೂ ತಮ್ಮನಿಗೂ ಸಮದೂರದಲ್ಲಿ ನಿಂತಳು. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ ಬಿಗಿಯಬೇಕಾದ್ದರಿಂದ ಒಬ್ಬರಾದ ಮೇಲೆ ಒಬ್ಬರು. ಮೇಸ್ತ್ರಿ ಸ್ಪ್ಯಾನರ್ ಹಾಕಿ ಕಣ್ಣು ಮುಚ್ಚಿದ. ಮೊಣಕೈ ‘ಸಾಕು’ ಅಂದಿತು. ಅವನು ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವ ಬೋಲ್ಟನ್ನೂ ಬಿಗಿದಿರಲಿಲ್ಲ.

ಟಿಕ್ ತನ್ನ ಸರದಿಯಲ್ಲಿ ರೆಂಚ್ ಎಳೆದ. ಎಳೆದ. ಇನ್ನೂ ಎಳೆದ. ಕುತ್ತಿಗೆಯ ನರ ಎದ್ದ ಮೇಲೆ ಟಿಕ್ ಎಂದಿತು.

“ಭಾವ, ಇವತ್ತು ಯಾಕೋ ಭಾರ ಅನಿಸ್ತಿದೆಯಲ್ಲ?”

“ಬೆಳಿಗ್ಗೆ ಏನು ತಿಂದೆ?”

“ಎರಡು ಬಾಳೆಹಣ್ಣು.”

“ಅದಕ್ಕೇ ಮತ್ತೆ. ಹೊಟ್ಟೆಗೆ ಸರಿಯಾಗಿ ತಿನ್ನೋ. ರೆಂಚ್ ಹೇಳಿದ ಮೇಲೆ ಮುಗೀತಲ್ಲ, ಅದು ಸುಳ್ಳು ಹೇಳತ್ತಾ?”

“ಅದಂತೂ ಹೇಳಲ್ಲ ಭಾವ,” ಎಂದ ಟಿಕ್ ನಂಬಿಕೆಯಿಂದ, ಮುಂದಿನ ಬೋಲ್ಟಿಗೆ ಕಾಲನ್ನು ಇಂಜಿನ್ನಿನ ಸ್ಟ್ಯಾಂಡಿಗೆ ಊರಿಕೊಂಡು.

ಹತ್ತೂ ಮುಗಿದವು. ಮೇಷ್ಟ್ರು ಚೀಲಕ್ಕೆ ಕೈ ಹಾಕಿದರು. ಮೊದಲು ಕನ್ನಡಕದ ಪೆಟ್ಟಿಗೆ ಬಂತು. ಆಮೇಲೆ ಒಂದು ಕರವಸ್ತ್ರ. ಆಮೇಲೆ ಬೆಳಗಿನ ಪೇಪರು, ಅರ್ಧ ತುಂಬಿದ ಪದಬಂಧ ಮೇಲೆ ಬರುವಂತೆ ಮಡಚಿದ್ದು. ಆಮೇಲೆ ಚೀಲ ಮುಚ್ಚಿಕೊಂಡಿತು.

“ಸರ್, ಮೀಟರು?” ಎಂದು ಮೇಸ್ತ್ರಿಯೇ ಕೇಳಿದ. “ಮೀಟರು ಕಾಲೇಜಿನದ್ದಲ್ವೇನಪ್ಪ, ರಿಟೈರ್ ಆದಾಗ ಅಲ್ಲೇ ಬಿಟ್ಟು ಬಂದೆ,” ಎನ್ನುತ್ತ ಮೇಷ್ಟ್ರು ಕನ್ನಡಕ ಏರಿಸಿ, ಟಿಕ್‌ನ ಕಡೆ ಕೈ ಚಾಚಿದರು. “ಅಳೆಯೋ ಸಾಮಾನು ನಿಮ್ಮಲ್ಲೇ ಇದೆಯಲ್ಲ, ಕೊಡು ಇಲ್ಲಿ. ಬೋಲ್ಟು ಕದಲದೆ ಟಿಕ್ ಅಂದ್ರೆ ಸರಿ, ತಿರುಗಿದ್ರೆ ಸಡಿಲ.” ಹೌದು, ಇಡೀ ಗ್ಯಾರೇಜಿನಲ್ಲಿ ಬಿಗಿ ಅಳೆಯುವ ವಸ್ತು ಇದ್ದದ್ದು ಅದೊಂದೇ. ಟಿಕ್‌ನ ಐದು ಬೋಲ್ಟುಗಳೂ ಎಳ್ಳಷ್ಟೂ ಕದಲದೆ ಟಿಕ್, ಟಿಕ್ ಎಂದು ಹಾಜರಿ ಹೇಳಿದವು. ಮೇಸ್ತ್ರಿಯ ಐದೂ ಬೋಲ್ಟುಗಳು ಮೇಷ್ಟ್ರ ಕೈಗೆ ಮೆಲ್ಲಗೆ ತಿರುಗಿ, ತಿರುಗಿ, ಆಮೇಲೆ ಟಿಕ್ ಎಂದವು, ಪ್ರತಿ ಸಲವೂ ಮೇಷ್ಟ್ರು “ಸಡಿಲ” ಎಂದು ಪದಬಂಧದ ಅಂಚಿನಲ್ಲಿ ಬರೆದುಕೊಂಡರು. ಮಾಲಕಿ ಬೇಜಾರಿನಿಂದಲೇ ಕೇಳಿದರು: “ಮೇಸ್ತ್ರಿಗಳೇ, ಏನಾದ್ರೂ ಹೇಳೋದಿದೆಯಾ?” ಹೇಳುವುದು ಬೇಕಾದಷ್ಟಿತ್ತು. ತನ್ನ ಕೈ ಸರಿ, ಆ ರೆಂಚು ತಪ್ಪು, ಅದೂ ಸರಿಯಾಗಿ ಮೂವತ್ತು ತಪ್ಪು ಎಂದು ಜಗತ್ತಿನಲ್ಲಿ ಖಚಿತವಾಗಿ ಹೇಳಬಲ್ಲವನು ಅವನೊಬ್ಬನೇ. ಅದು ನಿನಗೆ ಹೇಗೆ ಗೊತ್ತು ಎಂದು ಕೇಳಲು ಅಲ್ಲಿ ಹನ್ನೆರಡು ಜನ ಇದ್ದರು, ಮುಂದಿನ ಸಾಲಿನಲ್ಲಿ ಹೆಂಡತಿ. ಮೇಸ್ತ್ರಿ ತೆರೆದ ಬಾಯಿಯನ್ನು ತೊಂಬತ್ತಕ್ಕೆ ಮುಚ್ಚಿದ. ಟಿಕ್ ರೆಂಚನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಬಹಳ ಮರ್ಯಾದೆಯಿಂದ ಅವನ ಮುಂದೆ ಚಾಚಿದ. “ಬನ್ನಿ ಭಾವ, ನಿಧಾನಕ್ಕೆ ಹೇಳ್ಕೊಡ್ತೀನಿ. ಮೊದಲನೇ ಪಾಠ: ಇದು ಹೇಳಿದ್ದನ್ನ ಕಣ್ಣು ಮುಚ್ಚಿ ನಂಬಬೇಕು.”