ಬಲಗೈಯ ನಾಲ್ಕು ಉಗುರು

ಎಲೆ, ಅಡಿಕೆ, ಒಂದು ತೆಂಗಿನಕಾಯಿ. ಮೊದಲ ಪಾಠಕ್ಕೆ ಹೋಗುವಾಗ ಗುರುವಿಗೆ ಇಷ್ಟನ್ನಾದರೂ ಕೊಡಬೇಕೆಂದು ಅವ್ವ ಹೇಳಿದ್ದಳು. ಖಾನಾಪುರದಿಂದ ಬೆಳಗಾವಿಯವರೆಗೆ ಬಸ್ಸಿನಲ್ಲಿ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದೆ. ಅಲ್ಲಿಯ ಖಾಸಬಾಗ ಬಡಾವಣೆಯ ಮನೆಯೊಂದರ ಮಹಡಿಯಲ್ಲಿ, ಗಿಟಾರ್ ಕಲಿಸುವ ಸುಯಶ ಸರ್ ಅದನ್ನು ತೆಗೆದುಕೊಳ್ಳಲು ಎಡಗೈ ಚಾಚಿದರು.

ನಾನು ಕಾಯಿ ಬಿಡಲಿಲ್ಲ.

“ಸರ, ಬಲಗೈ ಇಲ್ಲೇನ್ರಿ ನಿಮಗ?”

ಅವರ ಕಿವಿ ಕೆಂಪಾದವು. ಬೆನ್ನ ಹಿಂದಿದ್ದ ಬಲಗೈಯನ್ನು ಮುಂದೆ ತಂದು ತೋರಿಸಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳು. ನಾಲ್ಕರಲ್ಲೂ ಬೆಳೆಸಿದ ಉಗುರು, ಗಾಜಿನಷ್ಟು ನುಣುಪು. ಕಿರುಬೆರಳಿನದನ್ನು ಮಾತ್ರ ಕತ್ತರಿಸಿದ್ದರು.

“ತಂತಿ ಮೀಟೂದು ಇವ ನಾಕು. ಕಾಯಿ ನಾರಿಗೆ ಸಿಕ್ಕು ಒಂದು ಮುರೀತಂದ್ರ ಬರೋ ವಾರದ ಕಛೇರಿ ಹೋತು. ಸಿಟ್ಟಾಗಬ್ಯಾಡ್ರಿ.”

ಕೆಳಗಿನಿಂದ ಅವರ ತಾಯಿ ರಾಜಮತಿ ಕೂಗಿದರು: “ನಂಬಬ್ಯಾಡವಾ! ಉಂಡ ತಾಟು ತೊಳಿಯೂದು ತಪ್ಪಸಾಕ ಗಿಟಾರ ಕಲ್ತಾನಂವ!”

ನಕ್ಕುಬಿಟ್ಟೆ. ಕಾಯಿ ಎಡಗೈಗೇ ಹೋಯಿತು.

ನನ್ನ ಬೆರಳಲ್ಲಿ ಉಗುರೇ ಇಲ್ಲ. ರಸಾಯನಶಾಸ್ತ್ರ ಓದಿದವಳು ನಾನು. ಖಾನಾಪುರದ ಒಂದು ತರಬೇತಿ ಕೇಂದ್ರದಲ್ಲಿ ಮಣ್ಣಿನ ಪಾತ್ರೆ ಮಾಡಲು, ಅವಕ್ಕೆ ಬಣ್ಣದ ಹೊಳಪು ಕೊಡಲು ಕಲಿಸುತ್ತೇನೆ. ಕುಂಬಾರನ ತಿಗರಿಯ ಮೇಲೆ ಏಳುವ ಹಸಿ ಗೋಡೆಗೆ ಉಗುರು ತಾಗಿದರೆ ಗೀರು ಬೀಳುತ್ತದೆ.

“ಬರೀ ಬೆರಳಿನಾಗ ನುಡಸ್ರಿ,” ಎಂದರು ಸರ್. ನುಡಿಸಿದೆ. ತಲೆ ವಾಲಿಸಿ ಕೇಳಿದರು. “ನಿಮ್ಮ ನಾದ ತುಪ್ಪದಾಗ ಅದ್ದಿ ತಗದಂಗ ಐತ್ರಿ, ಪೂನಮ.”

ಅದನ್ನು ಹೇಳುವಾಗ ಅವರು ನೋಡಿದ್ದು ಗಿಟಾರನ್ನಲ್ಲ. ನಾನು ಎಂಟು ತಿಂಗಳು ಒಂದು ರವಿವಾರವನ್ನೂ ತಪ್ಪಿಸಲಿಲ್ಲ.

ಶ್ರುತಿ ಮಾಡುತ್ತ ಮಾಡುತ್ತ ತಮ್ಮ ಕಥೆಯನ್ನು ತುಣುಕು ತುಣುಕಾಗಿ ಹೇಳುತ್ತಿದ್ದರು. ಹನ್ನೊಂದನೇ ವಯಸ್ಸಿನಿಂದ ಆರು ವರ್ಷ, ಪ್ರತಿ ಶನಿವಾರ ಬಸ್ಸಿನಲ್ಲಿ ಗೋವೆಗೆ. ಅಲ್ಲಿಯ ಮುದಿ ಗುರು ಮೊದಲ ಮೂರು ತಿಂಗಳು ಒಂದೇ ತಂತಿ ಮೀಟಿಸಿದ್ದು. ಮುಂಬೈಯಲ್ಲಿ ಎರಡು ವರ್ಷದ ಅಭ್ಯಾಸ, ಪರೀಕ್ಷೆಗಳು. ಮೂವತ್ತು ಜನರ ಮುಂದೆ ಮೊದಲ ಕಛೇರಿ; ಗಾಬರಿಯಲ್ಲಿ ಒಂದೇ ರಚನೆಯನ್ನು ಎರಡು ಸಲ ನುಡಿಸಿದ್ದು. ಬೆಳಗಾವಿಯ ರವಿವಾರ ಪೇಟೆ ಎಂಬ ಮಾರುಕಟ್ಟೆಯಲ್ಲಿ ಅಪ್ಪನ ಕಾಳಿನ ಅಂಗಡಿ ಇತ್ತು. ಚೀಲ ಎತ್ತಿದರೆ ಉಗುರು ಹೋಗುತ್ತದೆಂದು ಅಪ್ಪ ಮಗನನ್ನು ಅಂಗಡಿಗೆ ಕರೆಯುವುದನ್ನೇ ಬಿಟ್ಟರಂತೆ.

“ಗೋವಾ ಬಸ್ಸು ನಿಮ್ಮ ಖಾನಾಪುರದ ಮ್ಯಾಲೇ ಹೋಗ್ತಿತ್ತು. ಒಂದ ಸಲಾನೂ ಇಳೀಲಿಲ್ಲ ನೋಡ್ರಿ.”

“ಇಳದಿದ್ರ ಏನ್ ಮಾಡ್ತಿದ್ರಿ? ನಾ ಇನ್ನೂ ಸಾಲಿಗೆ ಹೋಗ್ತಿದ್ದೆ.”

“ನಾನೂ!”

ಉಗುರು ತಿಕ್ಕಲು ಆಟೋ ನಗರದಿಂದ ಪಾಲೀಶ್ ಪೇಪರ್ ತರುತ್ತಿದ್ದರು. ಗಾಡಿಗೆ ಬಣ್ಣ ಹಚ್ಚುವವರು ಬಳಸುವ ಅತಿ ನುಣುಪಾದದ್ದು. ಪಾತ್ರೆಯ ತಳ ತಿಕ್ಕಲು ನನಗೂ ಅದೇ ಬೇಕು. ಹಾಳೆಯನ್ನು ಅರ್ಧ ಮಾಡಿ ನನಗೆ ಕೊಡುತ್ತಿದ್ದರು. ಎಡಗೈಯಲ್ಲೇ.

ಪಾಠ ಮುಗಿದ ಮೇಲೆ ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬರುತ್ತಿದ್ದರು. ನಾನು ಯಾವಾಗಲೂ ಅವರ ಎಡಕ್ಕೆ. ಅವರ ಬಲಗೈ ಎದೆಯ ಹತ್ತಿರ, ಹಕ್ಕಿಮರಿ ಹಿಡಿದವರ ಹಾಗೆ.

“ಒಂದ ಸಲ ಖಾನಾಪುರಕ್ಕ ಬರ್ರಿ, ಸರ. ತಿಗರಿ ಮುಂದ ಕುಂದರಸ್ತೀನಿ.”

“ಹಸಿ ಮಣ್ಣಿಗೆ ಉಗುರು ಮೆತ್ತಗಾಗ್ತಾವ್ರಿ. ಈ ಕಛೇರಿ ಒಂದು ಮುಗೀಲಿ.”

ಕಛೇರಿ ಮುಗಿಯಿತು; ಇನ್ನೊಂದು ಬಂತು. ಮೇ ತಿಂಗಳಲ್ಲಿ ಮೂರನೇ ಸಲ ಕೇಳಿದೆ. ಅದೇ ಉತ್ತರ.

“ಖರೇ ಹೇಳ್ರಿ,” ಎಂದೆ. “ಜೀವನಪೂರ್ತಿ ನಿಮ್ಮ ಎಡಕ್ಕ ನಡಿಯಾಕ ನಾ ತಯಾರ ಅದೀನಿ. ಆದ್ರ ನಿಮ್ಮ ವರ್ಷದಾಗ ನನಗ ಒಂದ ದಿನಾನೂ ಇಲ್ಲೇನು?”

ಬಾಯಿಂದ ಬಂದುಹೋಗಿತ್ತು. ಬಸ್ಸು ಬಂತು, ಉತ್ತರಕ್ಕೆ ಕಾಯದೆ ಹತ್ತಿದೆ.

ಮೂರು ರವಿವಾರ ಹೋಗಲಿಲ್ಲ. ಮೂರನೆಯದರಂದು ಕೇಂದ್ರಕ್ಕೆ ರಜೆ ಇದ್ದರೂ ಬೆಳಿಗ್ಗೆಯೇ ತಿಗರಿಯ ಮುಂದೆ ಕುಳಿತಿದ್ದೆ. ಮೊಣಕೈವರೆಗೆ ಮಣ್ಣು. ಬಾಗಿಲಲ್ಲಿ ನೆರಳು ಬಿತ್ತು.

ಸುಯಶ. ಬಲಗೈಯಲ್ಲಿ ತೆಂಗಿನಕಾಯಿ.

ಮೊದಲು ನೋಡಿದ್ದು ಉಗುರನ್ನು. ನಾಲ್ಕೂ ಇರಲಿಲ್ಲ.

“ಏನ್ ಮಾಡಿಕೊಂಡ್ರಿ ಇದು? ಕಛೇರಿ ಬಿಟ್ಟು ಬಂದಿದ್ರ ಈಗ ವಾಪಸ್ ಹೋಗ್ರಿ. ನನಗ ಅಂಥಾ ತ್ಯಾಗ ಬ್ಯಾಡ.”

“ಬಿಟ್ಟಿಲ್ಲ. ಉಗುರು ತಿಂಗಳಿಗೆ ಮೂರು ಮಿಲಿಮೀಟರ್ ಬೆಳೀತಾವ. ಮುಂದಿನ ಕಛೇರಿ ಆಗಸ್ಟ್ ಒಂಬತ್ತಕ್ಕ, ಧಾರವಾಡದಾಗ. ಎರಡು ತಿಂಗಳು ಐತಿ. ಅಲ್ಲೀತನಕ ನಿಮ್ಮಂಗ ಬರೀ ಬೆರಳಿನಾಗ ನುಡಸ್ತೀನಿ.” ಕಾಯಿಯನ್ನು ಕೈಯಲ್ಲಿ ತಿರುಗಿಸಿದರು. “ಪ್ರತಿ ವರ್ಷ ಹಿಂಗ ಎರಡು ತಿಂಗಳು ಖಾಲಿ ಇಡ್ತೀನಿ. ಅವು ನಿಮ್ಮವು. ಉಳಿದ ಹತ್ತು ತಿಂಗಳು ನನ್ನ ಎಡಕ್ಕ ನಡೀತೀರೇನು? ಮನ್ಯಾಗ ಅವ್ವಗ ಹೇಳೇ ಬಂದೀನಿ.”

“ಏನಂದ್ರು?”

“‘ಈಗಾದ್ರೂ ತಾಟು ತೊಳಿ’ ಅಂದ್ಲು.”

ನಗು ತಡೆಯಲಾಗಲಿಲ್ಲ, ಕಣ್ಣೂ ತುಂಬಿತು. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಕೆಸರು.

“ನಿಮ್ಮ ಎಡಕ್ಕ ನಡಿಯೂದು ನನಗ ರೂಢಿ ಆಗೇತ್ರಿ,” ಎಂದೆ.

“ಹಂಗಾರ ಇವತ್ತಿನ ಪಾಠ ಸುರು ಮಾಡ್ರಿ, ಗುರುಗಳ.” ಕಾಯಿ ಮುಂದೆ ಚಾಚಿದರು.

ತಿಗರಿಯ ಮೇಲೆ ಏಳುತ್ತಿದ್ದ ಹಸಿ ಪಾತ್ರೆಯಿಂದ ಬಲಗೈ ತೆಗೆದರೆ ಅದು ಕುಸಿಯುತ್ತಿತ್ತು. ಎಡಗೈ ಚಾಚಿದೆ.

ಅವರು ಕಾಯಿ ಬಿಡಲಿಲ್ಲ.

“ಬಲಗೈ ಇಲ್ಲೇನ್ರಿ ನಿಮಗ?”

ಪಾತ್ರೆ ಕುಸಿಯಲು ಬಿಟ್ಟೆ.