ಕಳಚಿಟ್ಟ ಅಲಾರಂ

2014ರ ನವೆಂಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಲಿನ್‌ವುಡ್ ಠಾಣೆಗೆ ದೂರು ಬಂತು. ದೂರು ಕೊಟ್ಟವನು ನಾರ್ತ್ ಕ್ರೀಕ್‌ನಲ್ಲಿರುವ ತ್ರಿವಿಕ್ರಮ. ಅಕ್ಕ ಶ್ರೀವಿದ್ಯಾ, ಭಾವ ಕಶ್ಯಪ್ ಇಬ್ಬರೂ ಭಾನುವಾರವಿಡೀ ಫೋನ್ ಎತ್ತಿಲ್ಲ, ಇವತ್ತು ಕೆಲಸಕ್ಕೂ ಹೋಗಿಲ್ಲ ಎಂದ. ಆಫೀಸರ್ ಡೇನಿಯಲ್ ಲಿನ್‌ವುಡ್‌ನ ಅವರ ಮನೆಗೆ ಹೋಗಿ ಬಾಗಿಲು ಒಡೆದ. ಮಹಡಿಯ ಮಲಗುವ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರೂ ಸತ್ತಿದ್ದರು.

ತನಿಖೆ ಡಿಟೆಕ್ಟಿವ್ ಜೋಯ್ಸ್ ಪಿಂಟೊ ಪಾಲಿಗೆ ಬಂತು. ಅವಳು ಮಂಗಳೂರಿನವಳು. ಸತ್ತವರು ಕನ್ನಡದವರೆಂದರೆ ಠಾಣೆಯಲ್ಲಿ ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಊರಿನಲ್ಲಾಗಿದ್ದರೆ ಪಂಚರನ್ನು ಕರೆಸಿ, ಟೀ ಕುಡಿಸಿ, ಪಂಚನಾಮೆ ಬರೆಯುತ್ತಿದ್ದರು. ಇಲ್ಲಿ ಅವಳು, ಡೇನಿಯಲ್, ಒಂದು ಕ್ಯಾಮೆರಾ, ಅಷ್ಟೆ.

ಸಾವಿನ ಕಾರಣ ಬೇಗ ತಿಳಿಯಿತು. ಶನಿವಾರ ರಾತ್ರಿಯ ಬಿರುಗಾಳಿಗೆ ಹೀಟರ್‌ನ ಹೊಗೆ ಕೊಳವೆ ಕಳಚಿ ವಿಷಾನಿಲ ಮನೆಯೊಳಗೆ ತುಂಬಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಬಂದರೂ, ಹೊಗೆ ಎದ್ದರೂ ಕೂಗಿ ಎಬ್ಬಿಸಬೇಕಾದದ್ದು ಸೂರಿನ ಅಲಾರಂ. ಮಹಡಿಯಲ್ಲೊಂದು, ಕೆಳಗೊಂದು ಇದ್ದವು. ಎರಡರಲ್ಲೂ ಬ್ಯಾಟರಿ ಇರಲಿಲ್ಲ.

ಕಶ್ಯಪ್ ಎಲೆಕ್ಟ್ರಿಕಲ್ ಎಂಜಿನಿಯರ್. ಬ್ಯಾಟರಿ ತೆಗೆದವನು ಅವನೇ, ಕೊಳವೆ ಸಡಿಲಿಸಿದವನೂ ಅವನೇ ಎಂದು ಪರಿಚಿತರ ನಡುವೆ ಗುಸುಗುಸು ಹಬ್ಬಿತು. ನಮ್ಮವರ ಬಾಯಿಗೆ ಯಾವ ದೇಶವಾದರೇನು. ತ್ರಿವಿಕ್ರಮ ಅದನ್ನು ನಂಬಿಬಿಟ್ಟ.

"ಅವನ ಪಕ್ಕದಲ್ಲಿ ನಮ್ಮಕ್ಕನ್ನ ಸುಡಲ್ಲ," ಎಂದ. "ಅವಳನ್ನ ಬೇರೆ ಮಾಡ್ತೀನಿ."

ಸ್ವಲ್ಪ ತಡೆಯಿರಿ ಎಂದು ಜೋಯ್ಸ್ ಬೇಡಿಕೊಂಡಳು. ಉಡುಪಿಯಲ್ಲಿ ಅಮ್ಮ ಅನ್ನ ಬಿಟ್ಟು ಕೂತಿದ್ದಾರೆ, ಗುರುವಾರ ಬೆಳಿಗ್ಗೆಯ ಆಚೆಗೆ ಆಗದು ಎಂದ.

ಜೋಯ್ಸ್‌ಗೆ ಗಂಡನ ಮೇಲೆ ಸಂಶಯ ಮೂಡಲೇ ಇಲ್ಲ. ಶ್ರೀವಿದ್ಯಾ ಹಾಸಿಗೆಯ ಅಂಚಿನಲ್ಲಿದ್ದಳು. ಸ್ವೆಟರಿನ ಒಂದು ತೋಳು ಅವಳ ಕೈಗೇರಿತ್ತು, ಇನ್ನೊಂದು ತೋಳು ಕೆಳಗೆ ಬಿದ್ದಿದ್ದ ಕಶ್ಯಪನ ಹಿಡಿಯಲ್ಲಿತ್ತು. ಹೊರಗೆ ಕರೆದೊಯ್ಯಬೇಕು, ಹೊರಗೆ ಚಳಿಯಿದೆ ಎಂದು ಆ ಸ್ಥಿತಿಯಲ್ಲೂ ಅವನಿಗೆ ಹೊಳೆದಿತ್ತು. ಕೊಲ್ಲುವವನು ಸ್ವೆಟರ್ ತೊಡಿಸುವುದಿಲ್ಲ. ಆದರೆ ಇದು ಅವಳ ನಂಬಿಕೆಯಾಗಿತ್ತೇ ಹೊರತು ಸಾಕ್ಷ್ಯವಾಗಿರಲಿಲ್ಲ.

ಅವರ ಸಂಸಾರದ ಕತೆ ಹೇಳಿದವಳು ಪಕ್ಕದ ಮನೆಯ ವಿಜಯಶ್ರೀ. ಕಶ್ಯಪ್ ಮೂರು ಸಲ ಡ್ರೈವಿಂಗ್ ಟೆಸ್ಟ್ ಫೇಲಾಗಿ ಕೈಮುಗಿದಿದ್ದ. ದಿನವೂ ಹೆಂಡತಿಯೇ ಅವನನ್ನು ಆಫೀಸಿಗೆ ಬಿಡುತ್ತಿದ್ದಳು. ದಾರಿಯುದ್ದಕ್ಕೂ ಅವನು ಪೇಪರ್ ಓದಿ ಹೇಳುವುದು, ಅವಳು ಪ್ರತಿ ಸುದ್ದಿಗೂ ತಕರಾರು ತೆಗೆಯುವುದು. ಪಕ್ಕದ ಕಾರಿನವರು ಜಗಳವೆಂದುಕೊಳ್ಳುತ್ತಿದ್ದರು, ಅದು ಜಗಳವೇ ಆಗಿತ್ತು. ಫ್ರಿಜ್‌ನಲ್ಲಿ ಎರಡು ಪಾತ್ರೆ ಸಾರು, ಒಂದು ಮೈಸೂರಿನದು, ಇನ್ನೊಂದು ಉಡುಪಿಯದು. ಇಪ್ಪತ್ತೈದು ವರ್ಷವಾದರೂ ಯಾರೂ ಸೋತಿರಲಿಲ್ಲ. ಶನಿವಾರ ಬೆಳಿಗ್ಗೆ ಆ ಇಪ್ಪತ್ತೈದು ವರ್ಷಕ್ಕಾಗಿಯೇ ಗಣಹೋಮ ಮಾಡಿಸಿದ್ದರು.

ಜೋಯ್ಸ್ ತಟ್ಟನೆ ಕೇಳಿದಳು. "ಅಷ್ಟು ಹೊಗೆಗೆ ಅಲಾರಂ ಕೂಗಲಿಲ್ವಾ?"

"ಕೂಗೋಕೆ ಅದೆಲ್ಲಿತ್ತು? ಹೋಮಕ್ಕೆ ಮುಂಚೆ ಭಟ್ರೇ ಬಿಚ್ಚಿಡ್ತಾರಲ್ಲ, ಎಲ್ಲರ ಮನೇಲೂ ಹಾಗೇನೇ. ಆಮೇಲೆ ಹಾಕಿರ್ತಾರೆ ಅಂದ್ಕೊಂಡಿದ್ದೆ. ಅವತ್ತು ನ್ಯೂಕ್ಯಾಸಲ್‌ನಲ್ಲಿ ಶಾಮಣ್ಣನವರ ಮನೇಲೂ ಪೂಜೆ ಇತ್ತು, ಊಟ ಮಾಡ್ದೆ ಓಡಿದ್ರು."

ಭಟ್ಟರೆಂದರೆ ಅದೇ ಬಡಾವಣೆಯ ಚಂದ್ರಮೌಳಿ. ವಾರವೆಲ್ಲ ಸಾಫ್ಟ್‌ವೇರ್ ಟೆಸ್ಟರ್, ಶನಿವಾರ ಭಾನುವಾರ ಪುರೋಹಿತ. ದಂಪತಿ ಊರಿಗೆ ಹೋದಾಗ ಕರಿಬೇವಿನ ಗಿಡಕ್ಕೆ ನೀರು ಹಾಕಲೆಂದು ಮನೆಯ ಕೀಲಿಯೂ ಅವನ ಬಳಿ ಇತ್ತು. ಮಂಗಳವಾರದ ಹೇಳಿಕೆಯಲ್ಲಿ ಅವನು ಅಲಾರಂ ಮುಟ್ಟಿಲ್ಲ, ಶನಿವಾರದ ನಂತರ ಆ ಕಡೆ ಹೋಗಿಲ್ಲ ಎಂದಿದ್ದ. ಈಗ ವಿಜಯಶ್ರೀಯ ಮಾತು ಒಂದು ಕಡೆ, ಅವನದೊಂದು ಕಡೆ. ಮೂರನೆಯ ಸಾಕ್ಷಿ ಬೇಕಿತ್ತು. ಆದರೆ ಶಾಮಣ್ಣ ಭಾನುವಾರವೇ ಬೆಂಗಳೂರಿಗೆ ಹೊರಟಿದ್ದರು.

ಅವರು ಫೋನಿಗೆ ಸಿಕ್ಕಿದ್ದು ಗುರುವಾರ ಮಧ್ಯಾಹ್ನ. ಹೌದು, ಪೂಜೆ ಸಾಮಾನು ತೆಗೆಯುವಾಗ ಭಟ್ಟರ ಚೀಲದಿಂದ ಎರಡು ಅಲಾರಂ ಉರುಳಿದವು, ಅಯ್ಯೋ ಕಶ್ಯಪ್ ಮನೆಯವು ಬಂದುಬಿಟ್ಟಿವೆ ಎಂದು ಅವರೇ ನಕ್ಕರು ಎಂದು ಶಾಮಣ್ಣ ಹೇಳಿದರು. ಅಷ್ಟರಲ್ಲಿ ಶ್ರೀವಿದ್ಯಾಳ ದಹನ ಮುಗಿದಿತ್ತು.

ಚಂದ್ರಮೌಳಿ ಸ್ನಾನ ಮಾಡಿ ಒದ್ದೆ ತಲೆಯಲ್ಲೇ ಬಾಗಿಲು ತೆರೆದ. ಡೇನಿಯಲ್‌ನನ್ನು ನೋಡಿದವನೇ ಸೋಫಾದ ಮೇಲೆ ಕುಸಿದ.

"ಅಲಾರಂ ಮತ್ತೆ ಯಾವಾಗ ಸಿಕ್ಕಿಸಿದ್ದು?" ಜೋಯ್ಸ್ ಕೇಳಿದಳು.

"ಸೋಮವಾರ ಬೆಳಿಗ್ಗೆ. ಚೀಲದಲ್ಲಿರೋದು ಆವಾಗ ನೆನಪಾಯ್ತು. ವಾಪಸ್ ಹಾಕೋಣಾಂತ ಹೋದೆ. ಮೇಲೆ ಹೋಗಿ ನೋಡಿದ್ರೆ ಇಬ್ಬರೂ..."

"ಬ್ಯಾಟರಿ ಎಂತಕ್ಕೆ ಹಾಕಲಿಲ್ಲ?"

"ಹಾಕ್ದೆ. ಹಾಕಿದ ಕೂಡ್ಲೇ ಕೂಗೋಕೆ ಶುರುವಾಯ್ತು. ಅಕ್ಕಪಕ್ಕದವರು ಬಂದ್ಬಿಡ್ತಾರೇಂತ ತೆಗ್ದೆ."

"ಇವತ್ತು ಶ್ರೀವಿದ್ಯಾ ಅವರಿಗೆ ಮಂತ್ರ ಹೇಳಿದ್ದು ಯಾರು?"

ಅವನು ನೆಲ ನೋಡಿದ. "ತ್ರಿವಿಕ್ರಮ ನನ್ನನ್ನೇ ಕರೆದ್ರು."

ಸಾಕ್ಷ್ಯ ತಿರುಚಿದ್ದು, ಪೊಲೀಸರಿಗೆ ಸುಳ್ಳು ಹೇಳಿದ್ದು ಎಂಬ ಆರೋಪದ ಮೇಲೆ ಸಂಜೆ ನಾಲ್ಕಕ್ಕೆ ಅವನನ್ನು ಬಂಧಿಸಲಾಯಿತು. ಜೈಲಿಗೆ ಹೆದರಿದ್ದೆಯಾ ಎಂದರೆ ಇಲ್ಲ ಎಂದ. ಆಫೀಸಿನಲ್ಲಿ ಅವನ ಹೆಸರನ್ನು ಸರಿಯಾಗಿ ಕರೆಯುವವರೂ ಇರಲಿಲ್ಲ. ಶನಿವಾರ ಪಂಚೆ ಉಟ್ಟರೆ ಮ್ಯಾನೇಜರುಗಳೂ ಕಾಲಿಗೆ ಬೀಳುತ್ತಿದ್ದರು. ಮರೆತೆ ಎಂದು ಒಪ್ಪಿಕೊಂಡರೆ ಇನ್ನು ಯಾರೂ ಮನೆಗೆ ಕರೆಯುವುದಿಲ್ಲ ಎಂಬುದೊಂದೇ ಅವನ ಭಯ. ಅದಕ್ಕಾಗಿ ಸತ್ತ ಗೆಳೆಯನನ್ನು ಕೊಲೆಗಾರನಾಗಲು ಬಿಟ್ಟ. ಇಷ್ಟು ಸಣ್ಣ ಆಸೆ ಇಷ್ಟು ದೊಡ್ಡ ಪಾಪ ಮಾಡಿಸಬಲ್ಲದೆಂದು ಜೋಯ್ಸ್‌ಗೆ ಅಸಹ್ಯವಾಯಿತು, ಅಳುವೂ ಬಂತು.

ಸಂಜೆ ಅವಳು ತ್ರಿವಿಕ್ರಮನಿಗೆ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದಳು.

"ಭಾವ ಈಗ ಎಲ್ಲಿದಾರೆ?" ಎಂದು ಅವನು ಕೇಳಿದ.

ಶವಾಗಾರದಲ್ಲಿ, ಮೈಸೂರಿನಿಂದ ಬರಬೇಕಾದ ಅವರ ತಮ್ಮನಿಗೆ ಇನ್ನೂ ವೀಸಾ ಸಿಕ್ಕಿಲ್ಲ ಎಂದು ಜೋಯ್ಸ್ ಹೇಳಿದಳು.

"ಒಬ್ಬರೇನಾ?"

"ಹೌದು, ಒಬ್ಬರೇ."